ಸಿಸ್ಟರ್ ರೊಸೆಟ್ಟಾಳ ಗಿಟಾರ್

ಇಲ್ಲಿ ಗಿಟಾರ್ ನುಡಿಸೋರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ರಾಕ್ ಅಂಡ್ ರೋಲ್ ಅಂದ ತಕ್ಷಣ ನಿಮಗೆ ಎಲ್ವಿಸ್ ನೆನಪಾಗಬಹುದು. ಆದರೆ ಎಲ್ವಿಸ್‌ಗಿಂತ ಬಹಳ ಮುಂಚೆ ಆ ದಾರಿ ತೆರೆದವಳು ಒಬ್ಬ ಪೆಂತೆಕೊಸ್ತ್ ಹುಡುಗಿ. ಹೆಸರು ಸಿಸ್ಟರ್ ರೊಸೆಟ್ಟಾ ಥಾರ್ಪ್.

1915ರಲ್ಲಿ ಅಮೆರಿಕಾದ ಅರ್ಕಾನ್ಸಾಸ್‌ನ ಕಾಟನ್ ಪ್ಲಾಂಟ್ ಎಂಬ ಊರಲ್ಲಿ ಹುಟ್ಟಿದಳು. ತಾಯಿ ಕೇಟಿ ಬೆಲ್ ನುಬಿನ್ ಹಾಡ್ತಾ, ಮ್ಯಾಂಡೊಲಿನ್ ನುಡಿಸ್ತಾ ಸುವಾರ್ತೆ ಸಾರುತ್ತಿದ್ದಳು. ಅವರ ಸಭೆ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್. ಅಲ್ಲಿ ಆರಾಧನೆ ಅಂದ್ರೆ ಚಪ್ಪಾಳೆ, ಕುಣಿತ, ದಮ್ಮಡಿ ಎಲ್ಲ ಇತ್ತು. ಆರು ವರ್ಷಕ್ಕೆಲ್ಲ ರೊಸೆಟ್ಟಾ ಗಿಟಾರ್ ಹಿಡಿದು ತಾಯಿಯ ಜೊತೆ ಕೂಟಗಳಲ್ಲಿ ಹಾಡುತ್ತಿದ್ದಳು. ಮುಂದೆ ಷಿಕಾಗೋದ ಸಭೆಯಲ್ಲಿ ಬೆಳೆದಳು. ಗಮನಿಸಿ, ಆ ಕೈಗಳನ್ನ ತರಬೇತು ಮಾಡಿದ್ದು ಸಭೆ.

1934ರಲ್ಲಿ ಒಬ್ಬ ಬೋಧಕನ ಜೊತೆ ಮದುವೆ. ಅದು ನಿಲ್ಲಲಿಲ್ಲ. 1938ರಲ್ಲಿ ನ್ಯೂಯಾರ್ಕ್‌ಗೆ ಹೋದಳು. ಆಗ ವಯಸ್ಸು ಬರೀ 23. ಅದೇ ಅಕ್ಟೋಬರ್‌ನಲ್ಲಿ ಡೆಕ್ಕಾ ಕಂಪನಿಗೆ ನಾಲ್ಕು ಹಾಡು ರೆಕಾರ್ಡ್ ಮಾಡಿದಳು. ಥಾಮಸ್ ಡಾರ್ಸಿ ಬರೆದ ಸುವಾರ್ತೆ ಗೀತೆಯೊಂದನ್ನ ತನ್ನದೇ ಶೈಲಿಗೆ ತಿರುಗಿಸಿ, ರಾಕ್ ಮಿ ಅಂತ ಹಾಡಿದ್ದು ಆಗಲೇ. ಕಾಟನ್ ಕ್ಲಬ್‌ನಲ್ಲಿ ಹಾಡಿದಳು, ಡಿಸೆಂಬರ್‌ನಲ್ಲಿ ಕಾರ್ನೆಗಿ ಹಾಲ್‌ನಲ್ಲೂ ಹಾಡಿದಳು.

ಸಭೆಯ ಅನೇಕರಿಗೆ ಇದು ನುಂಗಲಾರದ ತುತ್ತಾಯ್ತು. ದೇವರ ಹಾಡು ಕುಡಿಯೋರ ಮುಂದೆ ಯಾಕೆ? ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಲಕ್ಕಿ ಮಿಲಿಂಡರ್ ಬ್ಯಾಂಡ್‌ನಲ್ಲಿದ್ದಾಗ ಆಕೆ ಲೋಕದ ಹಾಡುಗಳನ್ನೂ ಹಾಡಿದಳು. ಆದರೆ ಆ ಬ್ಯಾಂಡ್ ಬಿಟ್ಟು ಮತ್ತೆ ಸುವಾರ್ತೆ ಗೀತೆಗೇ ತಿರುಗಿದಳು. 1944ರಲ್ಲಿ ರೆಕಾರ್ಡ್ ಮಾಡಿದ ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ, ಮರುವರ್ಷ ಬಿಲ್‌ಬೋರ್ಡ್‌ನ ಕರಿಯರ ಸಂಗೀತದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಅದನ್ನೇ ಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಅನ್ನೋರೂ ಇದ್ದಾರೆ. 1947ರಲ್ಲಿ ಮೇಕನ್ ಪಟ್ಟಣದಲ್ಲಿ 14 ವರ್ಷದ ಒಬ್ಬ ಹುಡುಗನನ್ನ ವೇದಿಕೆಗೆ ಕರೆದು ಹಾಡಿಸಿದಳು. ಅವನೇ ಮುಂದೆ ಲಿಟಲ್ ರಿಚರ್ಡ್ ಆದ.

1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಕೆಯ ಸಮಾಧಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ.

ಪ್ರಿಯರೇ, ಶನಿವಾರ ಗಿಗ್, ಭಾನುವಾರ ವರ್ಷಿಪ್ ಅಂತ ಓಡಾಡೋ ನಿಮಗೆ ಒಂದು ಮಾತು. ಸ್ಟೇಜ್ ಎಷ್ಟು ದೊಡ್ಡದು ಅಂತ ಕೇಳಬೇಡಿ. ಅಲ್ಲಿ ನಿಂತಾಗ ನಿಮ್ಮ ತಲಾಂತು ಯಾರದ್ದು ಅಂತ ನೆನಪಿದೆಯಾ, ಅದನ್ನ ಕೇಳಿಕೊಳ್ಳಿ. ಹಿರಿಯರಾದ ನಮಗೂ ಒಂದು ಮಾತಿದೆ. ಮಕ್ಕಳ ಕೈಗೆ ಗಿಟಾರ್ ಕೊಡೋದು ಸುಲಭ. ಅವರು ಆ ಗಿಟಾರ್ ಹಿಡಿದು ಬಾಗಿಲಾಚೆ ಹೋದ ದಿನ, ಬೈಯೋಕೆ ಮುಂಚೆ ಅವರ ಹೆಸರು ಹೇಳಿ ಮೊಣಕಾಲೂರುತ್ತೀವಾ? ಬನ್ನಿ, ಎದ್ದು ನಿಂತು ಪ್ರಾರ್ಥಿಸೋಣ. ಆಮೆನ್.