ಕೈಕೊಡದ ಯಂತ್ರವನ್ನು ಕಟ್ಟಿದ ಜಾನ್ ಬ್ರೌನಿಂಗ್

ಒಂದು ಯಂತ್ರವನ್ನು ಒಂದು ಸಲ ನಡೆಯುವಂತೆ ಮಾಡುವುದು ದೊಡ್ಡ ಮಾತಲ್ಲ. ಸಾವಿರ ಸಲವೂ ತಪ್ಪದೆ ನಡೆಯುವಂತೆ ಮಾಡುವುದೇ ದೊಡ್ಡ ಮಾತು. ನೀರೆತ್ತುವ ಪಂಪಾಗಲಿ, ಹೊಲಿಗೆ ಯಂತ್ರವಾಗಲಿ, ಬೇಕಾದ ಗಳಿಗೆಯಲ್ಲೇ ಕೈಕೊಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ತೊಡಕನ್ನು ಬಿಡಿಸುವುದನ್ನೇ ಬಾಳಿನ ಕೆಲಸವನ್ನಾಗಿ ಮಾಡಿಕೊಂಡವನು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್.

ಆತ ಹುಟ್ಟಿದ್ದು 1855ರ ಜನವರಿ 23ರಂದು, ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ. ತಂದೆ ಜೊನಾಥನ್ ಬಂದೂಕುಗಳನ್ನು ಮಾಡುವ, ಕೆಟ್ಟವನ್ನು ಸರಿಪಡಿಸುವ ಕಸುಬಿನವನು. ಅಂಗಡಿಯಲ್ಲಿ ಬಿದ್ದಿದ್ದ ಗುಜರಿ ಕಬ್ಬಿಣವೇ ಬಾಲಕನ ಆಟಿಕೆ. ಅರ, ಸುತ್ತಿಗೆಗಳೇ ಅವನ ಸಂಗಾತಿಗಳು. ಶಾಲೆಯ ಓದು ಬೇಗನೆ ನಿಂತಿತು. ಕಸುಬಿನ ಓದು ಕೊನೆಯವರೆಗೂ ನಿಲ್ಲಲಿಲ್ಲ. ಇತರರ ಕೆಟ್ಟ ಬಂದೂಕುಗಳನ್ನು ಬಿಚ್ಚಿ ನೋಡುತ್ತಾ, ಯಾವ ಭಾಗ ಏಕೆ ಸೋಲುತ್ತದೆ ಎಂಬುದನ್ನು ಆತ ಮನನ ಮಾಡಿಕೊಂಡನು.

1879ರಲ್ಲಿ ಆತನ ಮೊದಲ ರೈಫಲ್ಲಿಗೆ ಪೇಟೆಂಟ್ ದೊರೆಯಿತು. ಸಹೋದರರು ಕೂಡಿ ಚಿಕ್ಕದೊಂದು ಕಾರ್ಖಾನೆ ತೆರೆದರು. 1883ರಲ್ಲಿ ಹೆಸರಾಂತ ವಿಂಚೆಸ್ಟರ್ ಕಂಪೆನಿಯ ಬೆನೆಟ್ ಎಂಬಾತ ದೂರದ ಆಗ್ಡೆನ್ನಿಗೇ ಬಂದು, ಆ ರೈಫಲ್ಲಿನ ಹಕ್ಕನ್ನು 8,000 ಡಾಲರಿಗೆ ಕೊಂಡುಕೊಂಡನು. ಅಲ್ಲಿಂದ ಬ್ರೌನಿಂಗನ ಕೀರ್ತಿ ಹಬ್ಬಿತು.

1889ರ ಒಂದು ದಿನ, ಗೆಳೆಯನೊಬ್ಬ ಗುಂಡು ಹಾರಿಸುವಾಗ ನಳಿಗೆಯ ಬಾಯಿಂದ ಹೊಮ್ಮಿದ ಗಾಳಿಗೆ ಎದುರಿನ ಹುಲ್ಲು ಬಾಗಿದ್ದನ್ನು ಆತ ಗಮನಿಸಿದನು. ವ್ಯರ್ಥವಾಗುವ ಈ ಶಕ್ತಿಯಿಂದಲೇ ಬಂದೂಕು ತನ್ನನ್ನು ತಾನೇ ಮತ್ತೆ ತುಂಬಿಕೊಳ್ಳಬಾರದೇಕೆ ಎಂಬ ಯೋಚನೆ ಹೊಳೆಯಿತು. ಹುಲ್ಲು ಬಾಗಿದ್ದನ್ನು ಕಂಡವರು ಸಾವಿರಾರು ಮಂದಿ, ಯೋಚಿಸಿದವರು ವಿರಳ.

ಮುಂದೆ ಆತ ಸ್ವಯಂಚಾಲಿತ ಪಿಸ್ತೂಲಿನ ಕಡೆಗೆ ತಿರುಗಿದನು. ತೋಟಾದ ತಳದ ನಡುವೆ ಕಿಡಿಮದ್ದಿರುವ ಬಗೆಗೆ ಸೆಂಟರ್‌ಫೈರ್ ಎನ್ನುತ್ತಾರೆ. ಇಂಥ ತೋಟಾ ಸಿಡಿದಾಗ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಜಾರಿ ಖಾಲಿ ಕೋಶವನ್ನು ಹೊರಗೆಸೆಯಬೇಕು. ಸ್ಪ್ರಿಂಗಿನ ಬಲದಿಂದ ಮುಂದೆ ಬಂದು ಹೊಸ ತೋಟಾವನ್ನು ನಳಿಗೆಗೆ ಸೇರಿಸಬೇಕು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು. ಧೂಳು ಸೇರಿದರೆ, ಸ್ಪ್ರಿಂಗು ಸೋತರೆ, ಮದ್ದು ಕಡಿಮೆಯಾದರೆ ಎಲ್ಲವೂ ಸಿಕ್ಕಿಕೊಂಡು ನಿಂತುಬಿಡುತ್ತದೆ.

ಅಮೆರಿಕದ ಸೈನ್ಯ ಹೊಸ ಪಿಸ್ತೂಲನ್ನು ಆರಿಸಲು ಹಲವು ವರ್ಷ ಪರೀಕ್ಷೆ ನಡೆಸಿತು. ಕೋಲ್ಟ್ ಕಂಪೆನಿಯ ಪರವಾಗಿ ಬ್ರೌನಿಂಗ್ ಒಪ್ಪಿಸಿದ ಮೊದಲ ಮಾದರಿಗಳಲ್ಲೂ ದೋಷಗಳಿದ್ದವು. ಆತ ವಾದ ಹೂಡಲಿಲ್ಲ. ಸೋತ ಭಾಗಗಳನ್ನು ತಿದ್ದಿ ಮತ್ತೆ ತಂದನು. 1911ರ ಮಾರ್ಚಿನಲ್ಲಿ ಕೊನೆಯ ಪರೀಕ್ಷೆ. ಒಂದೊಂದು ಪಿಸ್ತೂಲಿನಿಂದಲೂ 6,000 ಗುಂಡು ಹಾರಿಸಬೇಕು. ನೂರಕ್ಕೊಮ್ಮೆ ತುಸು ಬಿಡುವು, ಸಾವಿರಕ್ಕೊಮ್ಮೆ ಶುಚಿಗೊಳಿಸಿ ಎಣ್ಣೆ. ಎದುರಾಳಿಯಾದ ಸ್ಯಾವೇಜ್ ಪಿಸ್ತೂಲು 37 ಸಲ ತಡವರಿಸಿತು. ಬ್ರೌನಿಂಗನದು ಒಮ್ಮೆಯೂ ತಡವರಿಸಲಿಲ್ಲ. ಅದೇ ತಿಂಗಳು 29ರಂದು ಸೈನ್ಯ ಅದನ್ನು ಒಪ್ಪಿಕೊಂಡಿತು. 1985ರವರೆಗೆ ಅದೇ ಅಲ್ಲಿನ ಮುಖ್ಯ ಪಿಸ್ತೂಲಾಗಿತ್ತು.

ಗುರಿ ಸ್ಪರ್ಧೆಯ ಕ್ರೀಡಾಳುಗಳೂ ಇದನ್ನು ಮೆಚ್ಚಿದರು. ಆದರೆ ಅಲ್ಲೊಂದು ಇಕ್ಕಟ್ಟು ತಲೆದೋರಿತು. ಧೂಳು ಕೆಸರಿನಲ್ಲಿಯೂ ನಡೆಯಲೆಂದು ಬ್ರೌನಿಂಗ್ ಭಾಗಗಳ ನಡುವೆ ತುಸು ಸಡಿಲು ಬಿಟ್ಟಿದ್ದನು. ಗುರಿ ಇನ್ನೂ ಕರಾರುವಾಕ್ಕಾಗಲೆಂದು ಕುಶಲಕರ್ಮಿಗಳು ಆ ಸಡಿಲನ್ನು ಬಿಗಿಗೊಳಿಸಿದರು. ಬಿಗಿಯಾದಷ್ಟೂ ಗುರಿ ಚೆನ್ನ, ಆದರೆ ಸಣ್ಣ ಕೊಳೆಗೂ ಸಿಕ್ಕಿಕೊಳ್ಳುವ ಭಯ. ಮೂತಿ ಚಪ್ಪಟೆಯಾದ ಗುಂಡು ಗುರಿಹಲಗೆಯ ಕಾಗದದಲ್ಲಿ ಅಚ್ಚುಕಟ್ಟಾದ ತೂತು ಮಾಡುತ್ತದೆ. ಆದರೆ ದುಂಡು ಮೂತಿಯದರಂತೆ ಸರಾಗವಾಗಿ ನಳಿಗೆಗೆ ಜಾರದು. ಮದ್ದು ಕಡಿಮೆ ಮಾಡಿದರೆ ಕೈಗೆ ಹೊಡೆತ ಕಡಿಮೆ. ಆದರೆ ಸ್ಪ್ರಿಂಗನ್ನೂ ಅದಕ್ಕೆ ತಕ್ಕಂತೆ ಬದಲಿಸದಿದ್ದರೆ ಯಂತ್ರ ಪೂರ್ತಿ ಹಿಂದೆ ಸರಿಯದು. ಒಂದು ಗುಣ ಬೇಕೆಂದರೆ ಇನ್ನೊಂದರಲ್ಲಿ ತುಸು ಬಿಟ್ಟುಕೊಡಬೇಕು. 1994ರ ಹಿರೋಶಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಜಸ್ಪಾಲ್ ರಾಣಾ ಚಿನ್ನ ಗೆದ್ದದ್ದು ಸೆಂಟರ್‌ಫೈರ್ ಪಿಸ್ತೂಲಿನಲ್ಲೇ ಎಂಬುದನ್ನು ನೆನೆದಾಗ, ಕ್ರೀಡಾಳುವಿನ ಕೈಯಷ್ಟೇ ಆಯುಧದ ಅಣಿಯೂ ಮುಖ್ಯವೆಂದು ತಿಳಿಯುತ್ತದೆ.

ಈ ಬಾಳಿನ ಇನ್ನೊಂದು ಮುಖವನ್ನು ನಾವು ಮರೆಮಾಚಲಾಗದು. 1914ರ ಜೂನ್ 28ರಂದು ಸರಾಯೇವೊದಲ್ಲಿ ಆಸ್ಟ್ರಿಯಾದ ಯುವರಾಜನನ್ನೂ ಆತನ ಪತ್ನಿಯನ್ನೂ ಕೊಂದ ಪಿಸ್ತೂಲು ಬ್ರೌನಿಂಗನ ವಿನ್ಯಾಸದ್ದೇ. ಅದರ ಬೆನ್ನಿಗೇ ಮೊದಲ ಮಹಾಯುದ್ಧ ಹೊತ್ತಿಕೊಂಡಿತು. ಆತನ ಮೆಷಿನ್‌ಗನ್ನುಗಳೂ ಲೆಕ್ಕವಿಲ್ಲದಷ್ಟು ಜೀವಗಳನ್ನು ಬಲಿ ತೆಗೆದುಕೊಂಡವು. ಕೈಕೊಡದ ಯಂತ್ರ ಒಳ್ಳೆಯವನಿಗೂ ಕೈಕೊಡದು, ಕೆಟ್ಟವನಿಗೂ ಕೈಕೊಡದು. ಯಂತ್ರಕ್ಕೆ ವಿವೇಕವಿಲ್ಲ, ವಿವೇಕ ಹಿಡಿದವನಲ್ಲಿರಬೇಕು.

128 ಪೇಟೆಂಟುಗಳ ಒಡೆಯನಾದರೂ ಬ್ರೌನಿಂಗ್ ಕೆಲಸದ ಮೇಜನ್ನು ಬಿಡಲಿಲ್ಲ. 1926ರ ನವೆಂಬರ್ 26ರಂದು, ಬೆಲ್ಜಿಯಮ್ಮಿನ ಲಿಯೇಜ್ ಬಳಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗಲೇ ಹೃದಯ ನಿಂತು ತೀರಿಕೊಂಡನು. ಅರ್ಧಕ್ಕೆ ಉಳಿದ ಪಿಸ್ತೂಲೊಂದನ್ನು ಅಲ್ಲಿನ ದ್ಯುದೊನ್ನೆ ಸೇವ್ ಎಂಬಾತ ಪೂರ್ಣಗೊಳಿಸಿದನು. ನಮ್ಮ ದೇಶದ ಇಛಾಪುರ ಕಾರ್ಖಾನೆ ಸೈನ್ಯಕ್ಕಾಗಿ ಮಾಡಿದ 9 ಮಿಲಿಮೀಟರ್ ಪಿಸ್ತೂಲು ಅದರ ಪಡಿಯಚ್ಚೇ.

ವಿದ್ಯಾರ್ಥಿ ಮಿತ್ರರೇ, ನಾವಾರೂ ಬಂದೂಕು ಮಾಡಬೇಕಾಗಿಲ್ಲ. ಆದರೆ ದೋಷ ಕಂಡಾಗ ಕೋಪಿಸಿಕೊಳ್ಳದೆ ಕಾರಣವನ್ನು ಹುಡುಕುವ ಆ ತಾಳ್ಮೆ ನಮಗೆಲ್ಲ ಬೇಕು. ಮಾಡಿದ ವಸ್ತು ಯಾವ ಕೈಗೆ ಸೇರುತ್ತದೆ ಎಂಬ ಚಿಂತೆಯೂ ಅದರೊಂದಿಗೆ ಇರಲಿ.