ಚಾರ್ಲ್ಸ್ ಜೆ. ಪೆಡರ್ಸನ್

ಚಾರ್ಲ್ಸ್ ಜಾನ್ ಪೆಡರ್ಸನ್ (ಅಕ್ಟೋಬರ್ ೩, ೧೯೦೪ – ಅಕ್ಟೋಬರ್ ೨೬, ೧೯೮೯) ಅಮೆರಿಕದ ಸಾವಯವ ರಸಾಯನ ವಿಜ್ಞಾನಿ. ಕ್ರೌನ್ ಈಥರ್ ಎಂಬ ಸಂಯುಕ್ತಗಳನ್ನು ಕಂಡುಹಿಡಿದು ಸುಪ್ರಾಮಾಲಿಕ್ಯುಲರ್ ರಸಾಯನಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಇವರು ಮೊದಲಿಗರು. ಅಣುಗಳು ದುರ್ಬಲ ಆಕರ್ಷಣೆಗಳ ಮೂಲಕ ಪರಸ್ಪರ ಗುರುತಿಸಿ ಕೂಡಿಕೊಳ್ಳುವ ಬಗೆಯನ್ನು ಈ ಶಾಖೆ ಅಭ್ಯಸಿಸುತ್ತದೆ. ಡಾಕ್ಟರೇಟ್ ಪದವಿಯಿಲ್ಲದೆ ವಿಜ್ಞಾನದಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕೆಲವೇ ಮಂದಿಯಲ್ಲಿ ಇವರೂ ಒಬ್ಬರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪೆಡರ್ಸನ್ ಜನಿಸಿದ್ದು ಕೊರಿಯಾದ ಬುಸಾನ್ ನಗರದಲ್ಲಿ. ತಂದೆ ಬ್ರೆಡೆ ಪೆಡರ್ಸನ್ ನಾರ್ವೆ ದೇಶದವರು, ಕೊರಿಯಾದ ಚಿನ್ನದ ಗಣಿಯಲ್ಲಿ ಎಂಜಿನಿಯರ್ ಆಗಿದ್ದರು. ತಾಯಿ ತಕಿನೊ ಯಸುಯಿ ಜಪಾನಿನವರು. ಎಂಟನೆಯ ವಯಸ್ಸಿನಲ್ಲಿ ಬಾಲಕನನ್ನು ಜಪಾನಿನ ನಾಗಸಾಕಿಗೆ ಓದಲು ಕಳುಹಿಸಲಾಯಿತು. ಅನಂತರ ಯೊಕೊಹಾಮಾದಲ್ಲಿ ಶಾಲಾ ಶಿಕ್ಷಣ ಮುಂದುವರಿಯಿತು. ೧೯೨೨ರಲ್ಲಿ ಅಮೆರಿಕಕ್ಕೆ ತೆರಳಿ ಡೇಟನ್ ವಿಶ್ವವಿದ್ಯಾನಿಲಯದಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಪದವಿಯನ್ನೂ, ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸಾವಯವ ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ವೃತ್ತಿಜೀವನ

೧೯೨೭ರಲ್ಲಿ ಡ್ಯುಪಾಂಟ್ ಕಂಪನಿಯನ್ನು ಸೇರಿದ ಪೆಡರ್ಸನ್ ೧೯೬೯ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ದುಡಿದರು. ಪೆಟ್ರೋಲಿನಲ್ಲಿ ಸೇರಿರುವ ಅತ್ಯಲ್ಪ ತಾಮ್ರವು ಅದನ್ನು ಕೆಡಿಸದಂತೆ ತಡೆಯುವ ಸಂಯುಕ್ತಗಳು ಅವರ ಆರಂಭದ ಸಾಧನೆಗಳಲ್ಲಿ ಸೇರಿವೆ. ಲೋಹವನ್ನು ಹಿಡಿದಿಡುವ ಅಣುಗಳ ಬಗೆಗಿನ ಈ ಆಸಕ್ತಿಯೇ ಮುಂದಿನ ಶೋಧಕ್ಕೆ ದಾರಿಯಾಯಿತು. ಅವರ ಹೆಸರಿನಲ್ಲಿ ೬೫ ಪೇಟೆಂಟುಗಳಿವೆ.

ಕ್ರೌನ್ ಈಥರ್‌ಗಳ ಶೋಧ

೧೯೬೦ರ ದಶಕದ ಆರಂಭದಲ್ಲಿ, ಅರುವತ್ತರ ಸಮೀಪದ ವಯಸ್ಸಿನಲ್ಲಿ, ಪೆಡರ್ಸನ್ ವೆನೇಡಿಯಂ ಲೋಹವನ್ನು ಹಿಡಿದಿಡಬಲ್ಲ ಸಂಯುಕ್ತವೊಂದನ್ನು ತಯಾರಿಸುತ್ತಿದ್ದರು. ಬಳಸಿದ ಮೂಲವಸ್ತುವಿನಲ್ಲಿ ಕ್ಯಾಟೆಕಾಲ್ ಕಲ್ಮಶವಾಗಿ ಉಳಿದಿತ್ತು. ಅದರ ಫಲವಾಗಿ, ಬಯಸಿದ ಪದಾರ್ಥದೊಡನೆ ಎಳೆಎಳೆಯಾದ ಬಿಳಿಯ ಹರಳುಗಳೂ ದೊರೆತವು. ಅವುಗಳ ಇಳುವರಿ ಕೇವಲ ಶೇ. ೦.೪ರಷ್ಟು. ಕಲ್ಮಶವೆಂದು ಚೆಲ್ಲಿಬಿಡಬಹುದಾಗಿದ್ದ ಆ ಹರಳುಗಳನ್ನು ಅವರು ಪರೀಕ್ಷೆಗೆ ಒಳಪಡಿಸಿದರು.

ಹರಳುಗಳು ಮೆಥನಾಲಿನಲ್ಲಿ ಹೆಚ್ಚು ಕರಗುತ್ತಿರಲಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದೊಡನೆ ಚೆನ್ನಾಗಿ ಕರಗಿದವು. ಸೋಡಿಯಂನ ಇತರ ಲವಣಗಳಿಂದಲೂ ಅದೇ ಪರಿಣಾಮ ಕಂಡುಬಂದುದರಿಂದ, ಕಾರಣ ಕ್ಷಾರವಲ್ಲ, ಸೋಡಿಯಂ ಅಯಾನು ಎಂಬುದು ಸ್ಪಷ್ಟವಾಯಿತು. ಅಣುವು ಉಂಗುರದ ಆಕಾರದಲ್ಲಿದ್ದು, ಅಯಾನು ಅದರ ನಡುವಿನ ಕುಳಿಯಲ್ಲಿ ಕುಳಿತುಕೊಳ್ಳುತ್ತಿತ್ತು.

ಅಣುವಿನ ರೂಪ ಕಿರೀಟವನ್ನು ಹೋಲುವುದರಿಂದ ಕ್ರೌನ್ ಎಂಬ ಹೆಸರು ಬಂತು. ಮೊದಲು ದೊರೆತ ಸಂಯುಕ್ತವು ಡೈಬೆಂಜೊ-೧೮-ಕ್ರೌನ್-೬. ಉಂಗುರದಲ್ಲಿ ಒಟ್ಟು ೧೮ ಪರಮಾಣುಗಳಿದ್ದು, ಅವುಗಳಲ್ಲಿ ೬ ಆಮ್ಲಜನಕದವು ಎಂಬುದು ಈ ಸಂಖ್ಯೆಗಳ ಅರ್ಥ. ಉಂಗುರದ ಗಾತ್ರ ಬದಲಾದರೆ ಅದು ಆರಿಸಿಕೊಳ್ಳುವ ಅಯಾನೂ ಬದಲಾಗುತ್ತದೆ: ೧೮-ಕ್ರೌನ್-೬ಕ್ಕೆ ಪೊಟ್ಯಾಸಿಯಂ ಚೆನ್ನಾಗಿ ಹೊಂದುತ್ತದೆ. ಈ ಸಂಶೋಧನೆ ೧೯೬೭ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ವೈದ್ಯ ವಿಜ್ಞಾನದಲ್ಲಿ ಮಹತ್ವ

ಜೀವಕೋಶದ ಪೊರೆ ಕೊಬ್ಬಿನಿಂದ ಕೂಡಿರುವುದರಿಂದ ಲೋಹದ ಅಯಾನುಗಳು ಅದನ್ನು ತಾವಾಗಿಯೇ ಸುಲಭವಾಗಿ ದಾಟಲಾರವು. ಕ್ರೌನ್ ಈಥರ್ ಅಯಾನನ್ನು ಒಳಗಿರಿಸಿಕೊಂಡು, ತನ್ನ ಹೊರಮೈಯಿಂದ ಕೊಬ್ಬಿನಲ್ಲಿ ಬೆರೆಯಬಲ್ಲುದು. ಹೀಗಾಗಿ ಅಯಾನು ಸಾಗಣೆಯನ್ನು ಅರಿಯಲು ಇದೊಂದು ಸರಳ ಮಾದರಿಯಾಯಿತು. ಜೀವಕೋಶದೊಳಗಿನ ಸೋಡಿಯಂ, ಪೊಟ್ಯಾಸಿಯಂಗಳನ್ನು ಅಳೆಯುವ ಕೆಲವು ಹೊಳೆಯುವ ವರ್ಣದ್ರವ್ಯಗಳಲ್ಲಿ ಕ್ರೌನ್ ಈಥರ್ ಭಾಗವಿದೆ. ಅಣುವೊಂದು ಮತ್ತೊಂದನ್ನು ಒಳಗೆ ಹಿಡಿದಿಡುವ ಇದೇ ತತ್ತ್ವವು ಸುಗಮಡೆಕ್ಸ್ ಎಂಬ ಔಷಧಿಯಲ್ಲಿಯೂ ಇದೆ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಟ್ಟ ರೊಕುರೋನಿಯಂ ಅಣುವನ್ನು ಇದು ಸುತ್ತುವರಿದು ನಿಷ್ಕ್ರಿಯಗೊಳಿಸುತ್ತದೆ. ಇದರ ಅಣು ಸೈಕ್ಲೊಡೆಕ್ಸ್ಟ್ರಿನ್ ಎಂಬ ಬೇರೆ ಕುಲಕ್ಕೆ ಸೇರಿದ್ದು.

ಪ್ರಶಸ್ತಿ ಮತ್ತು ನಿಧನ

ಪೆಡರ್ಸನ್ ತೋರಿದ ದಾರಿಯಲ್ಲಿ ಫ್ರಾನ್ಸಿನ ಜಾನ್-ಮರಿ ಲೆನ್ ಮತ್ತು ಅಮೆರಿಕದ ಡೊನಾಲ್ಡ್ ಕ್ರಾಮ್ ಮುಂದುವರಿದರು. ೧೯೮೭ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಮೂವರಿಗೂ ಹಂಚಲಾಯಿತು. ಪತ್ನಿ ಸೂಸನ್ ೧೯೮೩ರಲ್ಲಿ ತೀರಿಕೊಂಡಿದ್ದರು. ಅದೇ ವರ್ಷ ಪೆಡರ್ಸನ್‌ರಿಗೆ ಮೂಳೆಮಜ್ಜೆಯ ಕ್ಯಾನ್ಸರ್ ಇರುವುದು ಪತ್ತೆಯಾಗಿತ್ತು. ದೇಹ ಕೃಶವಾಗಿದ್ದರೂ ೮೩ರ ವಯಸ್ಸಿನಲ್ಲಿ ಸ್ಟಾಕ್‌ಹೋಮಿಗೆ ತೆರಳಿ ಪ್ರಶಸ್ತಿ ಸ್ವೀಕರಿಸಿದರು. ಎರಡು ವರ್ಷಗಳ ತರುವಾಯ ನ್ಯೂಜೆರ್ಸಿಯ ಸೇಲಂನಲ್ಲಿ ನಿಧನರಾದರು.