ಹೊನ್ನಾವರದಲ್ಲಿ ಉಂಡು ಸಹಾರಾ ದಾಟಿದವರು: ಇಬ್ನ್ ಬತೂತ

ಮರುಭೂಮಿ ಎಂದರೆ ಕರಾವಳಿಯ ನಮ್ಮ ಮನೆಗಳಿಗೆ ಹೊಸ ಮಾತಲ್ಲ. ಭಟ್ಕಳ, ಹೊನ್ನಾವರ, ಕುಮಟಾದಿಂದ ಹಿಡಿದು ಮಂಗಳೂರು, ಉಳ್ಳಾಲದವರೆಗೆ ಗಲ್ಫ್ ನೋಡದ ಕುಟುಂಬ ಸಿಗುವುದು ಕಷ್ಟ. ರಜೆಯಲ್ಲಿ ಮಕ್ಕಳನ್ನು ಕರೆಸಿಕೊಂಡಾಗ ಡೆಸರ್ಟ್ ಸಫಾರಿಗೆ ಹೋಗುವುದೂ ಈಗ ವಾಡಿಕೆ. ಸಂಜೆ ಜೀಪಿನಲ್ಲಿ ಮರಳ ದಿಬ್ಬ ಹತ್ತಿ ಇಳಿದು, ಡೇರೆಯಲ್ಲಿ ಕಬಾಬ್ ತಿಂದು, ಫೋಟೋ ತೆಗೆದು ಬರುವುದು. ಒಂದಿಷ್ಟು ಧೈರ್ಯದ ಹುಡುಗರು ಗೈಡ್ ಹಿಡಿದು ಎರಡು ಮೂರು ದಿನ ನಡೆದು, ಡೇರೆ ಹೂಡಿ ಮಲಗಿ ಬರುವುದೂ ಉಂಟು. ನೀರಿನ ಬಾಟಲಿ ಗಾಡಿಯಲ್ಲಿರುತ್ತದೆ, ದಾರಿ ಮೊಬೈಲಿನಲ್ಲಿರುತ್ತದೆ.

ಇದೆರಡೂ ಇಲ್ಲದ ಕಾಲದಲ್ಲಿ ಗೈಡ್ ಒಬ್ಬನನ್ನೇ ನಂಬಿ ಎರಡು ತಿಂಗಳು ಸಹಾರಾ ದಾಟಿದ ಒಬ್ಬರ ಕಥೆಯನ್ನು ಈ ವಾರ ಹೇಳುತ್ತೇವೆ. ಅವರು ನಮ್ಮ ಹೊನ್ನಾವರದಲ್ಲಿ ಹನ್ನೊಂದು ತಿಂಗಳು ಅನ್ನ ಉಂಡವರು ಎಂಬುದೂ ಈ ಕಥೆ ಹೇಳಲು ಒಂದು ಕಾರಣ.

ಇಬ್ನ್ ಬತೂತ ಹುಟ್ಟಿದ್ದು 1304ರ ಫೆಬ್ರವರಿ 24ರಂದು, ಮೊರಾಕ್ಕೋದ ತಂಜಾ ಪಟ್ಟಣದಲ್ಲಿ. ಮನೆತನ ಖಾಝಿಗಳದ್ದು. 1325ರ ಜೂನ್‌ನಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಹಜ್ಜ್ ಮಾಡಿ ಬರುತ್ತೇನೆ ಅಂತ ಒಬ್ಬರೇ ಮನೆ ಬಿಟ್ಟರು. ತಂದೆ ತಾಯಿ ಇಬ್ಬರೂ ಬದುಕಿದ್ದರು. ತಿರುಗಿ ಊರಿಗೆ ಬಂದದ್ದು ಇಪ್ಪತ್ತನಾಲ್ಕು ವರ್ಷಗಳ ನಂತರ.

ಮೊದಲ ದೊಡ್ಡ ಮರುಭೂಮಿ ಅವರಿಗೆ ಎದುರಾದದ್ದು ಹಜ್ಜ್ ದಾರಿಯಲ್ಲೇ. 1326ರಲ್ಲಿ ಡಮಾಸ್ಕಸ್‌ನಿಂದ ಹೊರಟ ಹಜ್ಜ್ ಕಾರವಾನ್ ಸೇರಿಕೊಂಡರು. ತಬೂಕ್‌ನಲ್ಲಿ ಆ ಕಾರವಾನ್ ನಾಲ್ಕು ದಿನ ನಿಲ್ಲುತ್ತಿತ್ತು. ವಿಶ್ರಾಂತಿಗಿಂತ ಹೆಚ್ಚಾಗಿ ನೀರಿಗಾಗಿ. ಎಮ್ಮೆ ಚರ್ಮದಿಂದ ಹೊಲಿದ ದೊಡ್ಡ ತೊಟ್ಟಿಗಳನ್ನು ಬುಗ್ಗೆಯ ಪಕ್ಕದಲ್ಲಿ ಇಟ್ಟು, ಒಂಟೆಗಳಿಗೆ ಕುಡಿಸಿ, ತೊಗಲು ಚೀಲಗಳನ್ನು ತುಂಬಿಸುವವರೇ ಅಲ್ಲಿ ಬೇರೆ ಇದ್ದರು. ಅಮೀರರಿಗೆ ಸ್ವಂತ ತೊಟ್ಟಿ. ಉಳಿದವರು ನೀರು ಹೊರುವವನ ಜೊತೆ ಇಷ್ಟು ದುಡ್ಡಿಗೆ ಇಷ್ಟು ನೀರು ಅಂತ ಮೊದಲೇ ಮಾತಾಡಿಕೊಳ್ಳಬೇಕು. ಆಮೇಲೆ ಅಲ್‌ಉಲಾ ತನಕ ಹಗಲು ರಾತ್ರಿ ನಿಲ್ಲದ ನಡಿಗೆ. ನಡುವೆ ಒಂದು ಕಣಿವೆ. ಹಿಂದೊಂದು ವರ್ಷ ಅಲ್ಲಿ ಸಮೂಮ್ ಎಂಬ ಬಿಸಿಗಾಳಿ ಬೀಸಿ ಹಾಜಿಗಳ ನೀರೆಲ್ಲ ಬತ್ತಿಹೋಗಿತ್ತು. ಒಂದು ಗುಟುಕಿಗೆ ಸಾವಿರ ದೀನಾರ್ ಆಗಿತ್ತಂತೆ, ಮಾರಿದವನೂ ಉಳಿಯಲಿಲ್ಲ, ಕೊಂಡವನೂ ಉಳಿಯಲಿಲ್ಲವಂತೆ. ಆ ವಿಷಯ ಬಂಡೆಯ ಮೇಲೆ ಕೆತ್ತಿದೆ ಎಂದು ಅವರು ಬರೆದಿದ್ದಾರೆ.

ಅಲ್ಲಿಂದ ಮುಂದೆ ಸಮೂದ್ ಜನಾಂಗದ ಹಿಜ್ರ್. ಅಲ್ಲಿ ನೀರು ಬೇಕಾದಷ್ಟಿತ್ತು. ಆದರೂ ಪ್ರವಾದಿ (ಸ) ಅವರ ಮಾದರಿಯಂತೆ, ಎಷ್ಟೇ ಬಾಯಾರಿದರೂ, ಹಾಜಿಗಳು ಒಂದು ತೊಟ್ಟೂ ಕುಡಿಯದೆ ದಾಟುತ್ತಿದ್ದರು. ಅಷ್ಟು ದಿನದ ಬಾಯಾರಿಕೆಯ ನಂತರ ನೀರಿನ ಪಕ್ಕದಲ್ಲೇ ಹಾದು ಹೋಗುವುದು ಎಂದರೆ ಏನು ಅಂತ ಸ್ವಲ್ಪ ಯೋಚಿಸಿ ನೋಡಿ.

ಹಜ್ಜ್ ಮುಗಿಯಿತು, ತಿರುಗಾಟ ಮುಗಿಯಲಿಲ್ಲ. ಇರಾಕ್, ಯಮನ್, ಪೂರ್ವ ಆಫ್ರಿಕಾ, ತುರ್ಕಿ, ಮಧ್ಯ ಏಷ್ಯಾ ಸುತ್ತಿ 1333ರಲ್ಲಿ ಸಿಂಧೂ ನದಿಗೆ ಬಂದರು. ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘ್ಲಕ್ ಅವರನ್ನು ಖಾಝಿಯಾಗಿ ಇಟ್ಟುಕೊಂಡ. 1342ರಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದ. ಆ ದಾರಿಯಲ್ಲೇ ಅವರ ಹಡಗು ನಮ್ಮ ಕರಾವಳಿಗೆ ಬಂತು.

ಹೊನ್ನಾವರವನ್ನು ಅವರು ಹಿನೌರ್ ಎಂದು ಬರೆದರು. ದೊಡ್ಡ ಹಡಗುಗಳು ಒಳಗೆ ಬರುವಂಥ ಅಳಿವೆ, ಸಮುದ್ರದಿಂದ ಅರ್ಧ ಮೈಲು ಒಳಗೆ ಪಟ್ಟಣ. ಶರಾವತಿ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗುವವರು ಇವತ್ತೂ ಆ ಅಳಿವೆಯನ್ನು ನೋಡಬಹುದು. ಮಳೆಗಾಲದ ನಾಲ್ಕು ತಿಂಗಳು ಮೀನು ಹಿಡಿಯುವವರ ಹೊರತು ಯಾರೂ ಕಡಲಿಗೆ ಇಳಿಯುವುದಿಲ್ಲ ಎಂಬುದನ್ನೂ ಬರೆದುಕೊಂಡರು. ಮಳೆಗಾಲಕ್ಕೆ ಅವರು ಬಳಸಿದ ಹೆಸರು ಬಶ್ಕಾಲ್, ಅಂದರೆ ನಮ್ಮ ವರ್ಷಕಾಲವೇ.

ಊರಿನವರು ಶಾಫಿಈ ಮದ್‌ಹಬ್‌ನವರು, ದೀನ್‌ನಲ್ಲಿ ಗಟ್ಟಿ, ಕಡಲ ಯುದ್ಧದಲ್ಲಿ ಹೆಸರಾದವರು, ಕೃಷಿ ಇಲ್ಲ, ಸಮುದ್ರ ವ್ಯಾಪಾರವೇ ಜೀವನ. ಹೆಂಗಸರು ಹೊಲಿಯದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಇನ್ನೊಂದನ್ನು ತಲೆ ಎದೆಯ ಮೇಲೆ ಹೊದ್ದುಕೊಳ್ಳುತ್ತಿದ್ದರು, ಮೂಗಿಗೆ ಚಿನ್ನದ ನತ್ತು. ಎಲ್ಲಕ್ಕಿಂತ ಅವರಿಗೆ ಆಶ್ಚರ್ಯವಾದದ್ದು ಆ ಹೆಂಗಸರೆಲ್ಲ ಕುರ್‌ಆನ್ ಬಾಯಿಪಾಠ ಮಾಡಿದ್ದು. ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದರಂತೆ. ಅರಬ್ ನಾಡುಗಳನ್ನೆಲ್ಲ ಸುತ್ತಿ ಬಂದ ಮನುಷ್ಯ ಎಣಿಸಿ ಬರೆದಿಟ್ಟ ಲೆಕ್ಕ ಇದು. ಭಟ್ಕಳದಲ್ಲಿ ಅಂಜುಮನ್ ಶುರುವಾದದ್ದು 1919ರಲ್ಲಿ. ಅದಕ್ಕಿಂತ ಸುಮಾರು ಆರು ನೂರು ವರ್ಷ ಹಿಂದಿನ ಮಾತು. ಹೆಣ್ಣುಮಕ್ಕಳ ಓದು ಈ ಕರಾವಳಿಗೆ ಈಚೆಗೆ ಯಾರೋ ತಂದು ಕೊಟ್ಟದ್ದು ಎಂದು ಹೇಳುವವರಿಗೆ ನಾವು ಈ ಸಾಲನ್ನು ತೋರಿಸುತ್ತೇವೆ.

ಊರ ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್. ಅವನ ಮೇಲೆ ಹರಿಯಬ್ ಎಂಬ ಅರಸನಿದ್ದ ಎನ್ನುತ್ತಾರೆ ಇಬ್ನ್ ಬತೂತ. ಅದು ವಿಜಯನಗರದ ಹರಿಹರ ಎಂದು ಬಹಳಷ್ಟು ವಿದ್ವಾಂಸರು ಗುರುತಿಸುತ್ತಾರೆ. ಸುಲ್ತಾನನ ಊಟದ ವರ್ಣನೆ ಬಹಳ ಚಂದ. ಮೊದಲು ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಒಳ್ಳೆಮೆಣಸು, ಹಸಿಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಮತ್ತೆ ಅನ್ನ, ಕೋಳಿ. ಮತ್ತೆ ಅನ್ನ, ಮೀನು. ಮತ್ತೆ ಅನ್ನ, ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತು ಅಂತ ಅರ್ಥ. ಕುಡಿಯಲು ಬಿಸಿನೀರು, ಯಾಕೆಂದರೆ ಮಳೆಗಾಲದಲ್ಲಿ ತಣ್ಣೀರು ಆಗದು. ನಮ್ಮ ಉಮ್ಮಂದಿರು ಈಗಲೂ ಇದನ್ನೇ ಅಲ್ವಾ ಹೇಳುವುದು? ಆ ಸುಲ್ತಾನನ ಬಳಿ ಹನ್ನೊಂದು ತಿಂಗಳು ಇದ್ದರೂ ರೊಟ್ಟಿಯ ಮುಖ ನೋಡಲಿಲ್ಲವೆಂದು ಬರೆದಿದ್ದಾರೆ. ಗೋಧಿ ತಿಂದು ಬೆಳೆದವರಿಗೆ ಅದು ದೊಡ್ಡ ಕಷ್ಟವೇ. ಮುಂದೆ ಮಾಲ್ದೀವ್ಸ್, ಸಿಲೋನ್, ಮಲಬಾರಿನಲ್ಲೂ ಅನ್ನವೇ ಅನ್ನ. ಕೊನೆಕೊನೆಗೆ ನೀರಿನ ಜೊತೆ ನುಂಗಬೇಕಾಯಿತಂತೆ.

ದಕ್ಷಿಣಕ್ಕೆ ಹೋಗುವಾಗ ಬಾರ್ಕೂರು, ಮಂಗಳೂರು ಸಹ ಕಂಡರು. ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರು ಪಟ್ಟಣದ ಪಕ್ಕದಲ್ಲಿ ತಮ್ಮದೇ ಕೇರಿಯಲ್ಲಿದ್ದರು, ಪರ್ಶಿಯಾ, ಯಮನ್‌ನ ವರ್ತಕರು ಬಂದಿಳಿಯುತ್ತಿದ್ದರು. ನಮ್ಮ ಪೂರ್ವಿಕರ ಬಗ್ಗೆ ಹೊರಗಿನವರೊಬ್ಬರು ಕಣ್ಣಾರೆ ನೋಡಿ ಬರೆದದ್ದು ಎಂಬ ಕಾರಣಕ್ಕೆ ಬ್ಯಾರಿಗಳ ಚರಿತ್ರೆ ಬರೆಯುವವರಿಗೆ ಈ ಪುಟ ಬಹಳ ಬೆಲೆಯುಳ್ಳದ್ದು.

ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಚೀನಾ ದೊರೆಗೆ ಒಯ್ಯುತ್ತಿದ್ದ ಉಡುಗೊರೆಯ ಹಡಗು ಒಡೆಯಿತು. ಇನ್ನೊಂದು ಹಡಗು ಅವರ ಸಾಮಾನು ಹೊತ್ತು ಅವರನ್ನು ಬಿಟ್ಟೇ ಹೋಯಿತು. ದಿಲ್ಲಿಗೆ ಹೋದರೆ ತುಘ್ಲಕ್ ಏನು ಮಾಡುವನೋ ಎಂಬ ಹೆದರಿಕೆ. ಹೋಗಲು ಜಾಗವಿಲ್ಲದ ಆ ಹೊತ್ತಿನಲ್ಲಿ ಅವರು ಮರಳಿದ್ದು ಹೊನ್ನಾವರಕ್ಕೆ. ಮಸೀದಿಯಲ್ಲೇ ಕೂತು ದಿನಕ್ಕೊಂದು ಖತಂ, ಆಮೇಲೆ ದಿನಕ್ಕೆ ಎರಡು ಖತಂ ಓದಿದರು. ಸುಲ್ತಾನ 52 ಹಡಗು ಕಟ್ಟಿಕೊಂಡು ಗೋವೆಯ ಮೇಲೆ ಹೋದಾಗ ಜೊತೆಗೂ ಹೋದರು.

ಕೆಲವು ವರ್ಷಗಳ ಬಳಿಕ ಸುಲ್ತಾನನನ್ನು ಮತ್ತೆ ನೋಡಲು ಕೊಲ್ಲಂನಿಂದ ಹಡಗು ಹತ್ತಿದ್ದರು. ಬಾರ್ಕೂರಿಗೂ ಹೊನ್ನಾವರಕ್ಕೂ ನಡುವೆ ಒಂದು ಸಣ್ಣ ದ್ವೀಪದ ಹತ್ತಿರ ಹನ್ನೆರಡು ಹಡಗುಗಳಲ್ಲಿ ಕಡಲ್ಗಳ್ಳರು ಮುತ್ತಿದರು. ಭಟ್ಕಳ, ಮುರ್ಡೇಶ್ವರದಿಂದ ಕಾಣುವ ನೇತ್ರಾಣಿಯೇ ಅದು ಎಂದು ಊಹಿಸುವವರಿದ್ದಾರೆ. ಸಿಲೋನ್ ದೊರೆ ಕೊಟ್ಟ ರತ್ನ, ಬಟ್ಟೆಬರೆ, ದಾರಿಬುತ್ತಿ ಎಲ್ಲ ಹೋಯಿತು. ಉಳಿದದ್ದು ಉಟ್ಟ ಚಲ್ಲಣ ಮಾತ್ರ. ಹಾಗೇ ಕಲ್ಲಿಕೋಟೆಗೆ ಬಂದು ಮಸೀದಿ ಹೊಕ್ಕರು. ಒಬ್ಬ ಆಲಿಮ್ ಅಂಗಿ ಕಳುಹಿಸಿದ, ಖಾಝಿ ಮುಂಡಾಸು ಕೊಟ್ಟ, ವರ್ತಕನೊಬ್ಬ ಇನ್ನೊಂದು ಬಟ್ಟೆ ಕೊಟ್ಟ.

ಚೀನಾದ ಭಾಗವನ್ನು ನಾವು ಬಿಡುತ್ತೇವೆ. ಅದರ ಬಗ್ಗೆ ವಿದ್ವಾಂಸರಲ್ಲಿ ಜಗಳ ಬಹಳ ಇದೆ, ನಮ್ಮ ಕಥೆಗೆ ಅದು ಬೇಕಾಗಿಯೂ ಇಲ್ಲ. 1348ರಲ್ಲಿ ಡಮಾಸ್ಕಸ್‌ಗೆ ಬಂದಾಗ, ತಂದೆ ತೀರಿಹೋಗಿ ಹದಿನೈದು ವರ್ಷವಾಗಿದೆ ಎಂದು ತಿಳಿಯಿತು. ಮರುವರ್ಷ ಮೊರಾಕ್ಕೋ ಮುಟ್ಟುವಾಗ ತಾಯಿಯೂ ಪ್ಲೇಗಿನಲ್ಲಿ ಹೋಗಿದ್ದರು. ಆಗಷ್ಟೇ. ಸ್ವಲ್ಪ ಬೇಗ ಬಂದಿದ್ದರೆ ನೋಡಬಹುದಿತ್ತು. ಗಲ್ಫಿನಲ್ಲಿ ಕೂತು ಮನೆಯ ಮಯ್ಯತ್ ಸುದ್ದಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸಹಾರಾ. ಮೊರಾಕ್ಕೋದ ದಕ್ಷಿಣ ಅಂಚಿನ ಸಿಜಿಲ್ಮಾಸಾದಲ್ಲಿ ಒಂಟೆಗಳನ್ನೂ ನಾಲ್ಕು ತಿಂಗಳ ಮೇವನ್ನೂ ಕೊಂಡು, 1352ರ ಫೆಬ್ರವರಿಯಲ್ಲಿ, ಮುಹರ್ರಮ್ ಒಂದರಂದು ಹೊರಟರು. ಪ್ರಾಯ ನಲವತ್ತೆಂಟರ ಹತ್ತಿರ. ಕಾರವಾನಿನ ಮುಖ್ಯಸ್ಥ ಅಬೂ ಮುಹಮ್ಮದ್ ಯಂದಕಾನ್, ಮರುಭೂಮಿಯಲ್ಲೇ ಬಾಳುವ ಮಸ್ಸೂಫಾ ಬುಡಕಟ್ಟಿನವನು. ಇಪ್ಪತ್ತೈದು ದಿನ ನಡೆದು ತಘಾಝಾ ಎಂಬ ಉಪ್ಪಿನ ಗಣಿಗೆ ಬಂದರು. ಅಲ್ಲಿ ಮನೆ, ಮಸೀದಿಯ ಗೋಡೆ ಉಪ್ಪಿನ ಗಡ್ಡೆಯದ್ದು, ಮಾಡಿಗೆ ಒಂಟೆ ಚರ್ಮ. ಒಂದು ಮರ ಇಲ್ಲ. ಗಣಿ ತೋಡುವವರು ಗುಲಾಮರು, ಖರ್ಜೂರ ಮತ್ತು ಧಾನ್ಯ ದೂರದಿಂದ ಬಂದರೆ ಅವರಿಗೆ ಊಟ. ಸವುಳು ನೀರು, ನೊಣದ ಕಾಟದ ನಡುವೆ ಹತ್ತು ದಿನ ಕಳೆದರು. ತಮ್ಮ ಕಷ್ಟವನ್ನು ಉದ್ದಕ್ಕೆ ಬರೆದ ಇಬ್ನ್ ಬತೂತ ಆ ಗುಲಾಮರ ಕಷ್ಟಕ್ಕೆ ಒಂದೆರಡು ಸಾಲು ಮಾತ್ರ ಕೊಟ್ಟಿದ್ದಾರೆ. ಮರುವರ್ಷ ವಾಪಸ್ ಬರುವಾಗಲೂ ಅವರ ಕಾರವಾನಿನಲ್ಲಿ 600 ಗುಲಾಮ ಹೆಂಗಸರಿದ್ದರು. ಅದನ್ನೂ ಸಾಮಾನಿನ ಲೆಕ್ಕದ ಹಾಗೆ ಬರೆದರು. ಕಾಲವೇ ಹಾಗಿತ್ತು ಎಂದು ನಾವು ಮುಚ್ಚಿಡುವುದಿಲ್ಲ, ಓದುವಾಗ ಮನಸ್ಸು ಕಹಿಯಾಗುತ್ತದೆ.

ತಘಾಝಾದ ಆಚೆ ಹತ್ತು ದಿನ ನೀರಿಲ್ಲದ ದಾರಿ. ಆ ವರ್ಷ ಮಳೆ ಬಿದ್ದು ಅಲ್ಲಲ್ಲಿ ಗುಂಡಿಗಳಲ್ಲಿ ನೀರು ನಿಂತಿತ್ತು. ಒಂದು ದಿನ ಎರಡು ಕಲ್ಲುಗುಡ್ಡಗಳ ನಡುವೆ ಸಿಹಿನೀರು ಸಿಕ್ಕಿ, ಕುಡಿದು, ಬಟ್ಟೆ ಒಗೆದರು. ಹೇನಿನ ಉಪದ್ರ ಎಷ್ಟೆಂದರೆ ಜನ ಪಾದರಸ ಹಚ್ಚಿದ ದಾರವನ್ನು ಕುತ್ತಿಗೆಗೆ ಕಟ್ಟಿಕೊಳ್ಳುತ್ತಿದ್ದರು.

ಮೊದಮೊದಲು ಇವರೆಲ್ಲ ಕಾರವಾನಿಗಿಂತ ಮುಂದೆ ಹೋಗಿ, ಹುಲ್ಲು ಕಂಡಲ್ಲಿ ಒಂಟೆ ಮೇಯಿಸುತ್ತಿದ್ದರು. ಇಬ್ನ್ ಝೀರಿ ಎಂಬವನಿಗೂ ಅವನ ಸೋದರಮಾವನ ಮಗನಿಗೂ ಮಾತಿಗೆ ಮಾತು ಬೆಳೆಯಿತು. ಇಬ್ನ್ ಝೀರಿ ಸಿಟ್ಟಿನಲ್ಲಿ ಹಿಂದುಳಿದ. ರಾತ್ರಿ ತಂಗಿದಾಗ ಅವನಿಲ್ಲ. ದುಡ್ಡು ಕೊಟ್ಟು ಹೆಜ್ಜೆ ಹುಡುಕುವವನನ್ನು ಕಳುಹಿಸು ಅಂತ ಇಬ್ನ್ ಬತೂತ ಆ ಸಂಬಂಧಿಗೆ ಹೇಳಿದರು. ಆತ ಒಪ್ಪಲಿಲ್ಲ. ಮರುದಿನ ಮಸ್ಸೂಫಾದವನೊಬ್ಬ ಕೂಲಿ ಕೇಳದೆ ತಾನಾಗಿ ಹೋಗಿ ನೋಡಿದ. ಹೆಜ್ಜೆ ಒಮ್ಮೆ ಕಾಣುತ್ತದೆ, ಮತ್ತೆ ಇಲ್ಲ. ಮನುಷ್ಯ ಸಿಗಲಿಲ್ಲ. ಸ್ವಲ್ಪ ಮುಂದೆ ಎದುರಾದ ಇನ್ನೊಂದು ಕಾರವಾನಿನವರು ತಮ್ಮಲ್ಲೂ ಕೆಲವರು ತಪ್ಪಿಹೋಗಿದ್ದಾರೆ ಎಂದರು. ಅವರಲ್ಲೊಬ್ಬ ಕುರುಚಲು ಮರದಡಿ ಸತ್ತು ಬಿದ್ದಿದ್ದ, ಮೈಮೇಲೆ ಬಟ್ಟೆ, ಕೈಯಲ್ಲಿ ಚಾವಟಿ. ನೀರು ಅಲ್ಲಿಂದ ಒಂದು ಮೈಲು. ಇಬ್ನ್ ಝೀರಿ ತಪ್ಪಿದ ದಿನದಿಂದ ಇಬ್ನ್ ಬತೂತ ಕಾರವಾನಿಗಿಂತ ಮುಂದೂ ಹೋಗಲಿಲ್ಲ, ಹಿಂದೂ ಉಳಿಯಲಿಲ್ಲ.

ತಾಸರಹ್ಲಾ ಎಂಬ ನೀರಿನ ನೆಲೆಯಲ್ಲಿ ಮೂರು ದಿನ ತಂಗಿ, ತೊಗಲು ಚೀಲಗಳಿಗೆ ತೇಪೆ ಹಾಕಿ, ಗಾಳಿಗೆ ನೀರು ಆರದಂತೆ ಮೇಲೆ ದಪ್ಪ ಬಟ್ಟೆ ಹೊಲಿದರು. ಅಲ್ಲಿಂದಲೇ ತಕ್ಷೀಫ್‌ನನ್ನು ಕಳುಹಿಸುವುದು. ತಕ್ಷೀಫ್ ಅಂದರೆ ಕಾರವಾನಿಗಿಂತ ಮೊದಲೇ ಒಬ್ಬನೇ ವಲಾತಾ ಪಟ್ಟಣಕ್ಕೆ ಹೋಗುವ ಮಸ್ಸೂಫಾ ಮನುಷ್ಯ. ಅವನ ಕೈಯಲ್ಲಿ ಕಾಗದ ಕೊಡುತ್ತಾರೆ. ಅಲ್ಲಿಯ ಪರಿಚಯದವರು ಅದನ್ನು ಓದಿ ಮನೆ ಗೊತ್ತುಮಾಡಿ, ನಾಲ್ಕು ದಿನದ ದಾರಿ ಎದುರು ಬಂದು ನೀರು ಕೊಡಬೇಕು. ತಕ್ಷೀಫ್ ದಾರಿಯಲ್ಲಿ ಸತ್ತರೆ ವಲಾತಾದವರಿಗೆ ಸುದ್ದಿಯೇ ಇಲ್ಲ, ಎದುರಿಗೆ ಯಾರೂ ಬರುವುದಿಲ್ಲ, ಕಾರವಾನಿನ ಬಹಳ ಮಂದಿ ಅಥವಾ ಎಲ್ಲರೂ ಹೋಗುತ್ತಾರೆ. ಒಂಟಿಯಾಗಿ ಹೋಗುವವನನ್ನು ಶೈತಾನರು ಆಟವಾಡಿಸಿ ದಾರಿ ತಪ್ಪಿಸುತ್ತಾರೆ ಎಂದೇ ಅಲ್ಲಿಯ ನಂಬಿಕೆ. ಇವರು ತಕ್ಷೀಫ್‌ಗೆ ಕೊಟ್ಟದ್ದು ನೂರು ಮಿಸ್ಕಾಲ್ ಚಿನ್ನ. ಮಿಸ್ಕಾಲಿಗೆ ನಾಲ್ಕು ಗ್ರಾಮಿನ ಮೇಲೆ ಅಂತ ಹಿಡಿದರೂ ಐವತ್ತು ಪವನ್ ಆಗುತ್ತದೆ. ಇಂದು ಒಂದು ಮದುವೆ ಮನೆಯ ಚಿನ್ನ! ಅಷ್ಟು ಜೀವಗಳ ಬೆಲೆಗೆ ಅದು ಹೆಚ್ಚೇನಲ್ಲ ಅಂತ ನಮಗೆ ಕಾಣುತ್ತದೆ.

ದಾರಿ ತೋರಿಸುವವನು ಬೇರೆ. ಆ ನೆಲದಲ್ಲಿ ದಾರಿಯೆಂಬುದೇ ಇಲ್ಲ. ಇವತ್ತು ಇಲ್ಲಿದ್ದ ಮರಳ ಗುಡ್ಡ ನಾಳೆ ಅಲ್ಲಿ. ಅನೇಕ ಸಲ ಓಡಾಡಿದ ಚುರುಕು ಮನಸ್ಸಿನವನೇ ಆಗಬೇಕು. ಇವರಿಗೆ ಸಿಕ್ಕಿದ ಗೈಡ್‌ಗೆ ಒಂದು ಕಣ್ಣು ಇಲ್ಲ, ಇನ್ನೊಂದಕ್ಕೆ ಕಾಯಿಲೆ. ಆದರೆ ಅವನಷ್ಟು ದಾರಿ ಬಲ್ಲವರು ಇನ್ನೊಬ್ಬರಿಲ್ಲ ಎಂದು ಇಬ್ನ್ ಬತೂತ ಬೆರಗಾಗಿದ್ದಾರೆ. ನಡಿಗೆ ಏಳನೇ ರಾತ್ರಿಗೆ ಬಂದಾಗ ದೂರದಲ್ಲಿ ಬೆಂಕಿ ಕಂಡಿತು. ನೀರು ಹೊತ್ತು ಎದುರು ಬಂದವರ ಬೆಂಕಿ. ತಕ್ಷೀಫ್ ಬದುಕಿ ತಲುಪಿದ್ದ.

ಅಲ್ಲಿಂದ ಮುಂದೆ ಅಸರ್ ನಮಾಝ್ ಮುಗಿಸಿ ಹೊರಟು ರಾತ್ರಿಯಿಡೀ ನಡೆದು, ಬೆಳಿಗ್ಗೆ ತಂಗುವುದು. ಹೊರಟು ಎರಡು ತಿಂಗಳಾದಾಗ, ರಬೀಉಲ್ ಅವ್ವಲ್ ಆರಂಭದಲ್ಲಿ, ವಲಾತಾ ಮುಟ್ಟಿದರು. ಮುಂದೆ ಮಾಲಿ ಸಾಮ್ರಾಜ್ಯ ನೋಡಿ, 1353ರ ಕೊನೆಗೆ ಸಿಜಿಲ್ಮಾಸಾಕ್ಕೆ ಮರಳಿದರು. ಮೊರಾಕ್ಕೋದ ಸುಲ್ತಾನನ ಅಪ್ಪಣೆಯಂತೆ ಅವರು ಹೇಳುತ್ತಾ ಹೋದದ್ದನ್ನು ಇಬ್ನ್ ಜುಝಯ್ಯ್ ಎಂಬ ವಿದ್ವಾಂಸರು ಬರೆದುಕೊಂಡರು. ರಿಹ್ಲಾ ಎಂದು ನಾವು ಕರೆಯುವ ಆ ಪುಸ್ತಕ 1355ರ ಡಿಸೆಂಬರ್‌ನಲ್ಲಿ ಮುಗಿಯಿತು. ಕೊನೆಯ ವರ್ಷಗಳಲ್ಲಿ ಮೊರಾಕ್ಕೋದ ಒಂದು ಪಟ್ಟಣದಲ್ಲಿ ಖಾಝಿಯಾಗಿದ್ದು ಅಲ್ಲಿಯೇ ಮರಣ ಹೊಂದಿದರು.

ಆ ಪುಸ್ತಕದಲ್ಲಿ ಹೊನ್ನಾವರದ ಸುಲ್ತಾನನ ಹೆಸರಿದೆ, ಕಾರವಾನಿನ ಮುಖ್ಯಸ್ಥನ ಹೆಸರಿದೆ, ಮರಳಲ್ಲಿ ಕಳೆದುಹೋದ ಇಬ್ನ್ ಝೀರಿಯ ಹೆಸರೂ ಇದೆ. ಒಂದು ಕಣ್ಣಿನ ಆ ಗೈಡ್‌ನ ಹೆಸರು ಇಲ್ಲ.